ತೊಟ್ಟಿಕ್ಕುವ ರೀಲು

ಬೆಳಿಗ್ಗೆ ಕಿಟಕಿ ತೊಳೆಯುವ ಕೆಲಸದ ವ್ಯಾನಿನ ಹಿಂಬಾಗಿಲು ತೆಗೆದರೆ ನೀರು ಹರಿದು ಬಂದು ಪಾದದ ಮೇಲೆ ಬಿತ್ತು. ಹಿಂದಿನ ದಿನ ಸಂಜೆಯೇ ಟ್ಯಾಂಕ್ ತುಂಬಿಸಿ ಇಟ್ಟಿದ್ದೆ. ಒಳಗೆ ಹಾಸಿದ್ದ ಹಲಗೆ ಪೂರ್ತಿ ಒದ್ದೆ. ಮೂಲೆಯಲ್ಲಿಟ್ಟಿದ್ದ ಬಟ್ಟೆಗಳು ನೀರು ಕುಡಿದು ಮುದ್ದೆಯಾಗಿದ್ದವು. ಟಾರ್ಚ್ ಹಿಡಿದು ಒಂದೊಂದೇ ಜಾಗ ನೋಡುತ್ತಾ ಹೋದೆ. ಟ್ಯಾಂಕ್ ಸರಿ ಇತ್ತು. ಫಿಲ್ಟರ್ ಸರಿ ಇತ್ತು. ಪಂಪಿನ ಹತ್ತಿರವೂ ಒಣಗಿತ್ತು. ಪೈಪ್ ಸುತ್ತಿಡುವ ಹೋಸ್ ರೀಲಿನ ನಟ್ಟನಡುವೆ, ನೀರು ಅದರ ತಿರುಗುವ ಡ್ರಮ್ಮಿನೊಳಗೆ ಹೋಗುವ ಜಾಗದಲ್ಲಿ, ಒಂದು ಹನಿ ಕಟ್ಟಿಕೊಳ್ಳುತ್ತಿತ್ತು, ದಪ್ಪವಾಗುತ್ತಿತ್ತು, ಬೀಳುತ್ತಿತ್ತು. ಸೆಕೆಂಡಿಗೆ ಒಂದು. ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್ ಅಂತ ಹಿಡಿದರೂ ಹತ್ತು ಗಂಟೆಯಲ್ಲಿ ಹೆಚ್ಚು ಕಡಿಮೆ ಎರಡು ಲೀಟರ್ ಆಗುತ್ತದೆ. ನೆಲ ತೋಯಲು ಅಷ್ಟು ಸಾಕು.

ಅದು ನನ್ನ ಎರಡನೇ ರೀಲು. ತುಂಬ ಯೋಚನೆ ಮಾಡಿ, ಅಳತೆ ಮಾಡಿ ಕೊಂಡದ್ದು. ನಾಲ್ಕು ತಿಂಗಳಲ್ಲಿ ಅದೇ ಜಾಗ ಸೋರಿದ್ದು ಇದು ಎರಡನೇ ಸಲ. ಬೇಜಾರಾಯಿತು. ಆದರೆ ರೀಲ್ ಅಂದರೆ ಏನು ಅಂತ ನನಗೆ ನಿಜವಾಗಿ ಅರ್ಥವಾದದ್ದು ಆ ಹನಿಯ ಹಿಂದೆ ಬಿದ್ದಾಗಲೇ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ವ್ಯಾನಿನಲ್ಲಿ ಒಂದು ಟ್ಯಾಂಕ್, ಅದರಲ್ಲಿ ಲವಣ ತೆಗೆದ ಶುದ್ಧ ನೀರು. 12 ವೋಲ್ಟ್ ಪಂಪು ಆ ನೀರನ್ನು ರೀಲಿನ ಪೈಪಿಗೆ ತಳ್ಳುತ್ತದೆ. ಪೈಪಿನ ತುದಿಗೆ ಉದ್ದನೆಯ ಕೋಲು, ಕೋಲಿನ ತುದಿಗೆ ಬ್ರಷ್. ನೆಲದ ಮೇಲೆ ನಿಂತುಕೊಂಡೇ ಎರಡು ಮೂರು ಮಹಡಿಯ ಕಿಟಕಿ ತೊಳೆಯಬಹುದು. ನೀರಿನಲ್ಲಿ ಲವಣ ಇಲ್ಲದ ಕಾರಣ ಒರೆಸಬೇಕಾಗಿಲ್ಲ, ತಾನಾಗಿ ಒಣಗಿದರೂ ಗಾಜಿನ ಮೇಲೆ ಬಿಳಿ ಕಲೆ ಉಳಿಯುವುದಿಲ್ಲ.

ಸಾಮಾನು ಕೊಳ್ಳುವಾಗ ಎಲ್ಲರ ಗಮನವೂ ಕೋಲು, ಬ್ರಷ್, ಫಿಲ್ಟರಿನ ಮೇಲೆ. ನಾನೂ ಹಾಗೇ ಮಾಡಿದ್ದೆ. ರೀಲ್ ಅಂದರೆ ಪೈಪ್ ಸುತ್ತಿಡುವ ಚಕ್ರ, ಯಾವುದಾದರೇನು ಅಂದುಕೊಂಡಿದ್ದೆ. ಆದರೆ ದಿನದಲ್ಲಿ ಕೈ ಎಷ್ಟು ಸಲ ಅದನ್ನು ತಿರುಗಿಸುತ್ತದೆ ಅಂತ ಲೆಕ್ಕ ಹಾಕಿ. ನೂರು ಮೀಟರ್ ಪೈಪನ್ನು ಸಾಧಾರಣ ಗಾತ್ರದ ಡ್ರಮ್ಮಿಗೆ ಸುತ್ತಲು ಸುಮಾರು 130 ಸುತ್ತು ಬೇಕು. ಅರ್ಧ ಪೈಪ್ ಮಾತ್ರ ಎಳೆದೆ ಅಂದುಕೊಂಡರೂ, ಐದು ಮನೆ ಮುಗಿಸುವಷ್ಟರಲ್ಲಿ 300 ಸುತ್ತಿನ ಹತ್ತಿರ ಬರುತ್ತದೆ. ಭುಜಕ್ಕೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಮೊದಲನೇ ರೀಲು ತೋಟಕ್ಕೆ ನೀರು ಬಿಡಲು ಮಾಡಿದ ಪ್ಲಾಸ್ಟಿಕ್ಕಿನದು. ಹಗುರ, ನೋಡಲು ಚೆಂದ, ಕೈಗೂ ಸಲೀಸು. ಒಂದು ಮಧ್ಯಾಹ್ನ ಕೆಲಸ ಮುಗಿಸಿ ಪೈಪ್ ಸುತ್ತುತ್ತಿದ್ದಾಗ ಟಪ್ ಅಂತ ಶಬ್ದ ಬಂತು. ಡ್ರಮ್ಮಿನ ಪಕ್ಕದ ತಟ್ಟೆ ಬುಡದಲ್ಲಿ ಬಿರುಕು ಬಿಟ್ಟು ಹೊರಕ್ಕೆ ಬಾಗಿತ್ತು. ಪೈಪ್ ಆ ಸಂದಿಗೆ ಜಾರಿ ಸಿಕ್ಕಿಹಾಕಿಕೊಂಡಿತ್ತು.

ಪ್ಲಾಸ್ಟಿಕ್ ಅಂದ ಮೇಲೆ ಒಡೆಯದೇ ಇರುತ್ತದಾ ಅಂತ ಬಿಟ್ಟುಬಿಡಬಹುದಿತ್ತು. ಆದರೆ ತಪ್ಪು ನಾನು ಸುತ್ತುವ ರೀತಿಯಲ್ಲೇ ಇತ್ತು. ಪಂಪ್ ನಿಲ್ಲಿಸಿದ ಮೇಲೂ ಪೈಪಿನೊಳಗೆ ಒತ್ತಡ ಉಳಿದಿರುತ್ತದೆ. ಆ ಒತ್ತಡದಲ್ಲಿ ಪೈಪ್ ಸ್ವಲ್ಪ ಉಬ್ಬಿಕೊಂಡಿರುತ್ತದೆ. ಉಬ್ಬಿದ ಪೈಪನ್ನು ಹಾಗೇ ಬಿಗಿಯಾಗಿ ಎಳೆದು ಸುತ್ತಿದರೆ ಪ್ರತಿ ಪದರವೂ ತನ್ನ ಕೆಳಗಿನ ಪದರವನ್ನು ಅದುಮುತ್ತದೆ, ಪಕ್ಕದ ತಟ್ಟೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಂದು ಸುತ್ತಿನ ಬಲ ಸಣ್ಣದೇ. ಅದು ನೂರು ಸಲ ಸೇರಿಕೊಂಡರೆ ಪ್ಲಾಸ್ಟಿಕ್ ತಡೆಯುವುದಿಲ್ಲ. ಕಬ್ಬಿಣದ ಡ್ರಮ್ಮು ತಡೆಯಬಹುದು, ಆದರೆ ಆಗ ಪೆಟ್ಟು ಬೀಳುವುದು ಪೈಪಿಗೆ. ಹೊರಗಿನ ಸುತ್ತು ಒಳಗಿನ ಸುತ್ತುಗಳ ನಡುವೆ ಹೂತು ಹೋಗಿ, ಮಾರನೇ ದಿನ ಎಳೆದರೆ ಕದಲುವುದೇ ಇಲ್ಲ.

ಅವತ್ತಿನಿಂದ ಒಂದು ಅಭ್ಯಾಸ. ಪಂಪ್ ಆರಿಸಬೇಕು, ಬ್ರಷ್ಷಿನ ಕಡೆಯ ನಲ್ಲಿ ತೆರೆದು ಒತ್ತಡ ಇಳಿಸಬೇಕು, ಆಮೇಲೆ ಸುತ್ತಬೇಕು. ಮೂರು ಸೆಕೆಂಡಿನ ಕೆಲಸ. ನಲ್ಲಿ ತೆರೆದಾಗ ಪುಸ್ ಅಂತ ಒಂದು ಚಿಮ್ಮು ನೀರು ಬರುತ್ತದಲ್ಲ, ಡ್ರಮ್ಮು ಒಡೆದದ್ದು ಅದರ ಬಲದಿಂದಲೇ.

ಎರಡನೇ ರೀಲು ಕೊಳ್ಳುವ ಮೊದಲು ಪೈಪಿನ ವಿಚಾರ ತೀರ್ಮಾನ ಮಾಡಿಕೊಳ್ಳಬೇಕಿತ್ತು. ಎಷ್ಟೋ ಜನ ಮೊದಲು ರೀಲ್ ತಂದು ಆಮೇಲೆ ಅದಕ್ಕೆ ಹೊಂದುವ ಪೈಪ್ ಹುಡುಕುತ್ತಾರೆ. ಅದು ತಿರುಗುಮುರುಗು. ಪೈಪಿನ ಒಳಗಿನ ಅಳತೆ ಮೊದಲು, ಉದ್ದ ಆಮೇಲೆ, ಅವೆರಡನ್ನೂ ಹೊರುವ ರೀಲ್ ಕೊನೆಗೆ.

ನಮ್ಮಲ್ಲಿ ಜಾಸ್ತಿ ಬಳಸುವುದು ಒಳಗಡೆ 6 ಮಿಲಿಮೀಟರ್ ಇರುವ ಸಣ್ಣ ಪೈಪ್, ಇಲ್ಲವೇ 8 ಮಿಲಿಮೀಟರ್ ಇರುವುದು. ನೋಡಲು ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎರಡು ಮಿಲಿಮೀಟರಲ್ಲಿ ಏನಿದೆ ಅನ್ನಿಸುತ್ತದೆ. ನಾನು ಕೂತು ಲೆಕ್ಕ ಮಾಡಿದೆ. ನಿಮಿಷಕ್ಕೆ ಎರಡು ಲೀಟರ್ ನೀರು ಬೇಕು ಅಂತಿಟ್ಟುಕೊಳ್ಳಿ. 100 ಮೀಟರ್ ಉದ್ದದ 6 ಮಿಲಿಮೀಟರ್ ಪೈಪಿನಲ್ಲಿ ಅಷ್ಟು ನೀರು ಹಾಯಲು, ಒಳಗಿನ ಉಜ್ಜಾಟಕ್ಕೇ ಸುಮಾರು 4 ಬಾರ್ ಒತ್ತಡ ಹೋಗುತ್ತದೆ. ಒತ್ತಡದ ಇನ್ನೊಂದು ಅಳತೆಯಾದ ಪಿಎಸ್‌ಐನಲ್ಲಿ ಹೇಳಿದರೆ ಹತ್ತಿರ ಹತ್ತಿರ 58. ಅದೇ 8 ಮಿಲಿಮೀಟರ್ ಆದರೆ ಸುಮಾರು 1 ಬಾರ್ ಸಾಕು. ಕಾಲು ಭಾಗ! ನನ್ನ ಪಂಪಿನ ಮೇಲೆ 100 ಪಿಎಸ್‌ಐ ಅಂತ ಬರೆದಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪೈಪಿನಲ್ಲೇ ಕರಗಿದರೆ ಮೇಲಕ್ಕೆ ಉಳಿಯುವುದೇನು? ಬ್ರಷ್ 10 ಮೀಟರ್ ಎತ್ತರದಲ್ಲಿದ್ದರೆ ಬರೀ ನೀರು ಏರಲು ಇನ್ನೂ 1 ಬಾರ್ ಬೇಕು. ಕೋಲಿನೊಳಗಿನ ಸಣ್ಣ ನಳಿಕೆ, ಬ್ರಷ್ಷಿನ ಸಣ್ಣ ತೂತು ಇವೂ ತಮ್ಮ ಪಾಲು ಕೇಳುತ್ತವೆ. ಮೇಲಿನ ಮಹಡಿಯಲ್ಲಿ ನೀರು ಸಣ್ಣಗೆ ಬರುತ್ತಿದೆ, ಪಂಪ್ ಹಾಳಾಗಿದೆ ಅಂತ ಪಂಪ್ ಬದಲಾಯಿಸಿದವರನ್ನು ನೋಡಿದ್ದೇನೆ. ಪಂಪಿನಲ್ಲಿ ಯಾವ ದೋಷವೂ ಇರಲಿಲ್ಲ.

ಇನ್ನೊಂದು ವಿಷಯವನ್ನು ತುಂಬ ಜನ ಗಮನಿಸುವುದಿಲ್ಲ. ಕೆಲಸಕ್ಕೆ 20 ಮೀಟರ್ ಮಾತ್ರ ಎಳೆದರೂ ನೀರು ಡ್ರಮ್ಮಿನ ಮೇಲೆ ಸುತ್ತಿಕೊಂಡಿರುವ ಉಳಿದ 80 ಮೀಟರನ್ನೂ ಹಾದೇ ಬರಬೇಕು. ಅಂದಮೇಲೆ ಇರಲಿ ಅಂತ ಉದ್ದ ಪೈಪ್ ಹಾಕಿಕೊಂಡರೆ ಪ್ರತಿದಿನ ಅದಕ್ಕೆ ಒತ್ತಡ ತೆರಬೇಕು. ನಾನು ಎರಡು ವಾರ ಪ್ರತಿ ಮನೆಯಲ್ಲೂ ಎಷ್ಟು ಪೈಪ್ ಎಳೆದೆ ಅಂತ ಬರೆದಿಟ್ಟೆ. ಒಂದೇ ಒಂದು ಜಾಗದಲ್ಲಿ 70 ಮೀಟರ್ ದಾಟಿತ್ತು. ಆದರೂ 100 ಮೀಟರಿನ ಸುರುಳಿಯನ್ನೇ ತಂದೆ. ಒಂದೇ ತುಂಡಾಗಿ ಸಿಗುತ್ತದಲ್ಲ ಅನ್ನುವ ಆಸೆ.

ದಪ್ಪ ಪೈಪಿಗೆ ತೂಕ ಜಾಸ್ತಿ, ಅದನ್ನೂ ಹೇಳಬೇಕು. 100 ಮೀಟರ್ ಉದ್ದದ 6 ಮಿಲಿಮೀಟರ್ ಪೈಪಿನೊಳಗೆ 2.8 ಲೀಟರ್ ನೀರು ನಿಲ್ಲುತ್ತದೆ. 8 ಮಿಲಿಮೀಟರ್ ಪೈಪಿನಲ್ಲಿ 5 ಲೀಟರ್. ಲೀಟರಿಗೆ ಒಂದು ಕಿಲೋ. ಪೈಪಿನ ತೂಕವೂ ಸೇರಿದರೆ ನನ್ನದು ಹದಿನೇಳು ಹದಿನೆಂಟು ಕಿಲೋ ಬಂತು. ಮೂಲೆ ಮೂಲೆಯಲ್ಲಿ ತಿರುಗಿಸಿ ಎಳೆಯುವಾಗ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಕೆಳಮಹಡಿ ಕೆಲಸವೇ ಜಾಸ್ತಿ ಇರುವವರಿಗೆ, ಹಗುರವಾದದ್ದು ಬೇಕು ಅನ್ನುವವರಿಗೆ 6 ಮಿಲಿಮೀಟರ್ ಒಳ್ಳೆಯದೇ. ನನ್ನ ಕೆಲಸ ಮೇಲಿನ ಮಹಡಿಗಳದು. 8ಕ್ಕೇ ಹೋದೆ.

ಈಗ ಡ್ರಮ್ಮು. ಮಾರುವವರು 100 ಮೀಟರ್ ಹಿಡಿಯುತ್ತದೆ ಅನ್ನುತ್ತಾರೆ. ಯಾವ ದಪ್ಪದ ಪೈಪು ಅಂತ ಹೇಳುವುದಿಲ್ಲ. ಕೇಳಬೇಕು, ಇಲ್ಲವೇ ನಾವೇ ಅಳೆಯಬೇಕು. ನನ್ನ ಪೈಪಿನ ಹೊರಗಿನ ಅಳತೆ 14 ಮಿಲಿಮೀಟರ್. ನೋಡಿದ ಡ್ರಮ್ಮಿನ ಅಗಲ 30 ಸೆಂಟಿಮೀಟರ್, ನಡುವಿನ ಉರುಳೆಯ ಅಡ್ಡಳತೆ 16 ಸೆಂಟಿಮೀಟರ್. ಒಂದು ಪದರದಲ್ಲಿ 21 ಸುತ್ತು ಕೂರುತ್ತದೆ. ಮೊದಲ ಪದರಕ್ಕೆ 11 ಮೀಟರ್ ಚಿಲ್ಲರೆ, ಎರಡನೆಯದಕ್ಕೆ 13, ಹೀಗೆ ಏರುತ್ತಾ ಆರು ಪದರ ತುಂಬಿದಾಗ 96 ಮೀಟರ್ ಆಗುತ್ತದೆ. ಏಳನೇ ಪದರಕ್ಕೆ ತಟ್ಟೆಯಲ್ಲಿ ಜಾಗ ಇರಲಿಲ್ಲ. ಅದೂ ಪೈಪ್ ಅಚ್ಚುಕಟ್ಟಾಗಿ ಸಾಲಾಗಿ ಕೂತರೆ ಮಾತ್ರ. ಕೆಲಸದ ಮಧ್ಯೆ ಯಾರು ಅಷ್ಟು ಚೆನ್ನಾಗಿ ಸುತ್ತುತ್ತಾರೆ? ಹಾಗಾಗಿ ಪೈಪನ್ನು 80 ಮೀಟರಿಗೆ ಕತ್ತರಿಸಿದೆ. ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು. ಆದರೆ ತೂಕ ಇಳಿಯಿತು, ಒತ್ತಡ ಉಳಿಯಿತು, ತಟ್ಟೆಯ ಮೇಲಿನಿಂದ ಪೈಪ್ ಜಾರಿ ಬೀಳುವುದೂ ತಪ್ಪಿತು. ಕತ್ತರಿಸಿದ 20 ಮೀಟರ್ ತುಂಡನ್ನು ಎರಡೂ ಕಡೆ ಕನೆಕ್ಟರ್ ಹಾಕಿ ಬೇರೆ ಇಟ್ಟಿದ್ದೇನೆ. ಆ ಒಂದು ಉದ್ದದ ಜಾಗಕ್ಕೆ ಹೋದಾಗ ಜೋಡಿಸಿಕೊಳ್ಳುತ್ತೇನೆ.

ಹೊಸ ಪೈಪನ್ನು ಡ್ರಮ್ಮಿಗೆ ಹಾಕುವಾಗ ಒಂದು ಎಚ್ಚರಿಕೆ ಬೇಕು. ಸುರುಳಿಯನ್ನು ನೆಲಕ್ಕೆ ಹಾಕಿ ಮೇಲಿನಿಂದ ಎಳೆದರೆ, ಒಂದೊಂದು ಸುತ್ತಿಗೂ ಪೈಪಿನಲ್ಲಿ ಒಂದೊಂದು ತಿರುಚು ಸೇರಿಕೊಳ್ಳುತ್ತದೆ. ಆಮೇಲೆ ಅದು ಎಷ್ಟು ವರ್ಷವಾದರೂ ನೆಲದ ಮೇಲೆ ಗಂಟು ಗಂಟಾಗಿ ಹೊರಳುತ್ತಿರುತ್ತದೆ. ಸುರುಳಿಯನ್ನು ಚಕ್ರದ ಹಾಗೆ ಉರುಳಿಸಿಕೊಂಡು ಹೋಗಿ ಪೂರ್ತಿ ಉದ್ದಕ್ಕೆ ಬಿಚ್ಚಬೇಕು. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಸುತ್ತಬೇಕು. ಮೊದಲ ಸಲ ಕೆಲಸಕ್ಕೆ ಬಳಸುವ ಮುಂಚೆ ಒಳಗೆ ಚೆನ್ನಾಗಿ ನೀರು ಹಾಯಿಸಿ ಚೆಲ್ಲಬೇಕು. ಇಲ್ಲದಿದ್ದರೆ ಹೊಸ ಪೈಪಿನ ಒಳಗಿನ ಕೊಳೆ ಗಾಜಿನ ಮೇಲೆ ಕಲೆಯಾಗಿ ಕಾಣುತ್ತದೆ. ಪಾರದರ್ಶಕ ಪೈಪ್ ಬೇಡವೇ ಬೇಡ. ಬೆಳಕು ಬಿದ್ದರೆ ಒಳಗೆ ಪಾಚಿ ಕಟ್ಟುತ್ತದೆ. ಹಳದಿಯಂಥ ಎದ್ದು ಕಾಣುವ ಬಣ್ಣ ಒಳ್ಳೆಯದು, ದಾರಿಯಲ್ಲಿ ಹೋಗುವವರು ಎಡವುವುದಿಲ್ಲ.

ರೀಲನ್ನು ವ್ಯಾನಿನಲ್ಲಿ ಕೂರಿಸಲು ಒಂದು ಇಡೀ ದಿನ ಹಿಡಿಯಿತು. ಕೊರೆಯುವ ಮೊದಲು ವ್ಯಾನಿನ ಕೆಳಗೆ ಮಲಗಿ ಇಂಧನದ ಟ್ಯಾಂಕ್ ಎಲ್ಲಿದೆ, ವೈರು, ಬ್ರೇಕಿನ ಪೈಪು ಎಲ್ಲಿ ಹೋಗಿವೆ ಅಂತ ನೋಡಿಕೊಂಡೆ. ಬೋಲ್ಟಿನ ಕೆಳಗೆ ಅಗಲವಾದ ಲೋಹದ ಪಟ್ಟಿ ಕೊಟ್ಟೆ. ಬರೀ ವಾಷರ್ ಹಾಕಿದರೆ ಜೋರಾಗಿ ಬ್ರೇಕ್ ಹಾಕಿದಾಗ ತೆಳು ತಗಡನ್ನು ಹರಿದುಕೊಂಡು ಬರಬಹುದು. ನಟ್ಟು ಅಲುಗಾಟಕ್ಕೆ ಸಡಿಲವಾಗದ ಹಾಗೆ ಒಳಗೆ ನೈಲಾನ್ ಬಳೆ ಇರುವುದು.

ಎತ್ತರದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಹೆಚ್ಚಿನ ವ್ಯಾನುಗಳಲ್ಲಿ ರೀಲನ್ನು ನೆಲಕ್ಕೇ ಬಿಗಿದಿರುತ್ತಾರೆ. ಬಗ್ಗಿ ಬಗ್ಗಿ ತಿರುಗಿಸಬೇಕು. ನಾನು ಗಟ್ಟಿ ಚೌಕಟ್ಟು ಮಾಡಿಸಿ ಅದರ ಮೇಲೆ ಕೂರಿಸಿದೆ. ನೆಲದ ಮೇಲೆ ನಿಂತರೆ ಹ್ಯಾಂಡಲಿನ ನಡು ನನ್ನ ಮೊಣಕೈ ಎತ್ತರಕ್ಕೆ ಬರುತ್ತದೆ. ಭುಜದ ನೋವು ಕಡಿಮೆಯಾದದ್ದು ಇದರಿಂದಲೇ. ಇನ್ನೊಂದು ಸಣ್ಣ ವಿಷಯ: ಹ್ಯಾಂಡಲ್ ಸುತ್ತು ಬರುವಾಗ ಬಾಗಿಲಿಗೋ ಟ್ಯಾಂಕಿಗೋ ಬೆರಳ ಗಂಟು ತಾಗುತ್ತದೆಯಾ ಅಂತ ಬೋಲ್ಟ್ ಹಾಕುವ ಮೊದಲೇ ತಿರುಗಿಸಿ ನೋಡಬೇಕು. ಮುಷ್ಟಿಯ ಅಗಲ ಸೇರಿಸಿ ನೋಡಿ.

ಬ್ರೇಕ್ ಇರುವ ರೀಲನ್ನೇ ತೆಗೆದುಕೊಳ್ಳಿ. ಪೈಪನ್ನು ಜೋರಾಗಿ ಎಳೆದು ಥಟ್ಟನೆ ನಿಂತರೆ ಡ್ರಮ್ಮು ನಿಲ್ಲುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಸಡಿಲವಾದ ಸುತ್ತುಗಳು ತಟ್ಟೆಗೂ ಚೌಕಟ್ಟಿಗೂ ನಡುವೆ ಇಳಿದು ಸಿಕ್ಕಿಕೊಳ್ಳುತ್ತವೆ. ಸ್ವಲ್ಪ ಬಿಗಿ ಇಟ್ಟರೆ ಸಾಕು.

ಮೋಟಾರ್ ರೀಲನ್ನು ಸ್ನೇಹಿತರ ವ್ಯಾನಿನಲ್ಲಿ ಒಂದು ವಾರ ಬಳಸಿದೆ. ಗುಂಡಿ ಒತ್ತಿದರೆ ಪೈಪ್ ತಾನೇ ಬರುತ್ತದೆ, ಸುಖವೇ. ಆದರೆ ಅದೇ ಬ್ಯಾಟರಿಯಿಂದ ಪಂಪೂ ಓಡಬೇಕು, ಮೋಟಾರೂ ಓಡಬೇಕು. ದಪ್ಪ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಮೋಟಾರ್ ಕೈಕೊಟ್ಟರೆ ಕೈಯಲ್ಲಿ ಸುತ್ತಲು ದಾರಿ, ಇವು ಮೂರೂ ಇರಲೇಬೇಕು. ತಿರುಗುವ ಡ್ರಮ್ಮಿಗೆ ಕೈಗವಸು ಸಿಕ್ಕಿಕೊಂಡರೆ ಅದು ನಿಲ್ಲುವುದಿಲ್ಲ ಅನ್ನುವುದೂ ನೆನಪಿರಬೇಕು. ಭುಜಕ್ಕೆ ಆಗಲೇ ತೊಂದರೆ ಇರುವವರು ಯೋಚನೆ ಮಾಡದೆ ಮೋಟಾರಿಗೇ ಹೋಗಲಿ. ನನಗೆ ಎತ್ತರ ಸರಿಮಾಡಿಕೊಂಡ ಮೇಲೆ ಅದರ ಅಗತ್ಯ ಬೀಳಲಿಲ್ಲ.

ಇಷ್ಟೆಲ್ಲ ನೋಡಿ ಕೊಂಡ ರೀಲೇ ಸೋರಿದ್ದು. ಅಷ್ಟು ಅಳತೆ ಮಾಡಿದವನು ಒಂದು ಜಾಗವನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ. ತಿರುಗುವ ಜಾಯಿಂಟು.

ರೀಲಿನ ಪೂರ್ತಿ ಮರ್ಮ ಇರುವುದು ಅಲ್ಲೇ. ಪಂಪಿನಿಂದ ಬರುವ ಪೈಪ್ ಕದಲುವುದಿಲ್ಲ, ಡ್ರಮ್ಮು ಸುತ್ತುತ್ತದೆ. ಕದಲದ ಒಂದು ಹಿತ್ತಾಳೆ ಕೊಳವೆ, ಅದರ ಸುತ್ತ ತಿರುಗುವ ಇನ್ನೊಂದು ತುಂಡು. ಇವೆರಡರ ನಡುವೆ ನೀರು ಹೊರಗೆ ಬಾರದ ಹಾಗೆ ತಡೆಯುವುದು ಕಿರುಬೆರಳಿಗೆ ಬಳೆಯಾಗುವಷ್ಟು ದೊಡ್ಡ ಎರಡು ರಬ್ಬರ್ ಓ-ರಿಂಗು. ಇಡೀ ವ್ಯಾನಿನ ಒತ್ತಡ ಆ ಎರಡು ಉಂಗುರದ ಮೇಲೆ. ಡ್ರಮ್ ಎಷ್ಟೇ ಗಟ್ಟಿ ಇರಲಿ, ಬಣ್ಣ ಎಷ್ಟೇ ಚೆನ್ನಾಗಿರಲಿ, ಈ ಜಾಯಿಂಟನ್ನು ಬಿಚ್ಚಲು ಆಗುತ್ತದೆಯಾ, ಅದರ ಓ-ರಿಂಗು ಬಿಡಿಯಾಗಿ ಸಿಗುತ್ತದೆಯಾ ಅಂತ ಕೇಳದೆ ರೀಲ್ ಕೊಳ್ಳಬಾರದು. ಕೆಲವು ರೀಲುಗಳಲ್ಲಿ ಅದನ್ನು ಬಿಚ್ಚಲು ಬರುವುದೇ ಇಲ್ಲ. ಸೋರಿದರೆ ಪೂರ್ತಿ ರೀಲನ್ನೇ ಎಸೆಯಬೇಕು. ಕೊಳವೆಯ ಒಳಗಿನ ತೂತನ್ನೂ ನೋಡಿ. 8 ಮಿಲಿಮೀಟರ್ ಪೈಪಿಗೆ 5 ಮಿಲಿಮೀಟರ್ ತೂತಿನ ಜಾಯಿಂಟ್ ಇದ್ದರೆ ದಪ್ಪ ಪೈಪಿನ ಲಾಭದಲ್ಲಿ ಸ್ವಲ್ಪ ಅಲ್ಲೇ ಸೋರಿಹೋಗುತ್ತದೆ.

ಮೊದಲ ಸಲ ಸೋರಿದಾಗ ಸುಮ್ನೆ ಓ-ರಿಂಗ್ ಬದಲಾಯಿಸಿದ್ದೆ. ಹಳೆಯದನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆದು, ಹೊಸದನ್ನು ಒಣಗಿದ್ದ ಹಾಗೇ ತಳ್ಳಿ ಕೂರಿಸಿದ್ದೆ. ಎರಡು ತಿಂಗಳು ಬಂತು. ಈ ಸಲ ನಿಧಾನವಾಗಿ ಬಿಚ್ಚಿದೆ. ಮೊದಲು ಪಂಪಿನ ವೈರ್ ತೆಗೆದೆ, ಟ್ಯಾಂಕಿನ ವಾಲ್ವ್ ಮುಚ್ಚಿದೆ, ಒತ್ತಡ ಇಳಿಸಿದೆ. ಜಾಯಿಂಟನ್ನು ಹಿಡಿದಿರುವ ಸಣ್ಣ ಕ್ಲಿಪ್ ತೆಗೆದು ಕೊಳವೆಯನ್ನು ಮೆಲ್ಲಗೆ ತಿರುಗಿಸುತ್ತಾ ಹೊರಕ್ಕೆಳೆದೆ. ಓ-ರಿಂಗನ್ನು ಈ ಸಲ ಮರದ ಹಲ್ಲುಕಡ್ಡಿಯಿಂದ ಎತ್ತಿದೆ. ಲೋಹ ತಾಗಿದರೆ ಅದು ಕೂರುವ ತೋಡಿಗೆ ಗೀರು ಬೀಳುತ್ತದೆ. ಆ ಗೀರಿನ ದಾರಿಯಲ್ಲೇ ನೀರು ಬರುತ್ತದೆ. ನಾನು ಹಿಂದೆ ಮಾಡಿದ್ದ ಒಂದು ಕೂದಲೆಳೆಯಷ್ಟು ಗೀರು ಬೆಳಕಿಗೆ ಹಿಡಿದಾಗ ಹೊಳೆಯುತ್ತಿತ್ತು.

ಓ-ರಿಂಗನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ಒಂದು ಕಡೆ ದುಂಡಗೇ ಇತ್ತು, ಹೊಸದರ ಹಾಗೆ. ಇನ್ನೊಂದು ಕಡೆ ಸವೆದು ಚಪ್ಪಟೆಯಾಗಿ, ಅಂಚು ಬ್ಲೇಡಿನಿಂದ ಹೆರೆದ ಹಾಗೆ ತೆಳ್ಳಗಾಗಿತ್ತು. ಬೆರಳಿಂದ ಉಜ್ಜಿದರೆ ಕಪ್ಪು ಪುಡಿ ಅಂಟಿತು. ವಯಸ್ಸಾಗಿ ಸವೆದಿದ್ದರೆ ಸುತ್ತಲೂ ಒಂದೇ ಸಮ ಸವೆಯಬೇಕು. ಒಂದೇ ಮಗ್ಗುಲು ಸವೆದಿದೆ ಅಂದರೆ ಏನೋ ಒಂದು ಆ ಕೊಳವೆಯನ್ನು ಸದಾ ಒಂದೇ ಕಡೆಗೆ ಜಗ್ಗುತ್ತಿದೆ.

ಯಾವುದು? ಎರಡು ನಿಮಿಷ ರೀಲಿನ ಪಕ್ಕದಲ್ಲೇ ಕೂತೆ. ನನ್ನ ಜೊತೆ ಕೆಲಸ ಮಾಡುವ ಹುಡುಗ ಹ್ಯಾಂಡಲ್ ತಿರುಗಿಸುತ್ತಾ, “ಅಣ್ಣಾ, ಈ ಪೈಪ್ ನೋಡಿ, ಪ್ರತಿ ಸುತ್ತಿಗೂ ಅಲ್ಲಾಡ್ತಿದೆ” ಅಂದ. ಪಂಪಿನಿಂದ ರೀಲಿಗೆ ಬರುವ ತುಂಡು ಪೈಪನ್ನು ನಾನು ಅಂದವಾಗಿ ಕಾಣಲಿ ಅಂತ ಗಿಡ್ಡಕ್ಕೆ ಕತ್ತರಿಸಿ, ಬಿಗಿಯಾಗಿ ಎಳೆದು ಗೋಡೆಗೆ ಕ್ಲಿಪ್ ಹೊಡೆದಿದ್ದೆ. ಗಟ್ಟಿ ಪೈಪು ಬೇರೆ. ಅದು ಹಗಲು ರಾತ್ರಿ ಹಿತ್ತಾಳೆ ಕೊಳವೆಯನ್ನು ಕೆಳಕ್ಕೆ ಎಳೆಯುತ್ತಿತ್ತು. ಓ-ರಿಂಗು ಪಾಪ ಭಾರ ಹೊರುವ ಬೇರಿಂಗಿನ ಕೆಲಸ ಮಾಡುತ್ತಿತ್ತು.

ಆ ತುಂಡನ್ನು ತೆಗೆದು ಮೆತ್ತನೆಯ ಪೈಪನ್ನು ಅರ್ಧ ಚಂದ್ರದಂತೆ ಸಡಿಲವಾಗಿ ಬಾಗಿಸಿ ಹಾಕಿದೆ. ಕೊಳವೆಯನ್ನು ಬೆರಳಲ್ಲಿ ಮುಟ್ಟಿದರೆ ಎಲ್ಲ ಕಡೆಗೂ ಒಂದೇ ಸಮ ಕದಲುವಂತಿರಬೇಕು. ಗೀರನ್ನು ತುಂಬ ನುಣುಪಾದ ಉಜ್ಜು ಕಾಗದದಿಂದ, ತೋಡಿನ ಸುತ್ತಲೇ ತಿರುಗಿಸುತ್ತಾ, ನಿಧಾನವಾಗಿ ಅಳಿಸಿದೆ. ಹೊಸ ಓ-ರಿಂಗಿನ ಅಳತೆಗೆ ಹಳೆಯದನ್ನು ನಂಬಲಿಲ್ಲ, ಅದು ಚಪ್ಪಟೆಯಾಗಿ ಹಿಗ್ಗಿರುತ್ತದೆ. ವರ್ನಿಯರ್ ಹಿಡಿದು ತೋಡನ್ನೇ ಅಳೆದೆ. ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಲ್ಲಿ ತೆಗೆದು ಉಂಗುರದ ಸುತ್ತ ತೆಳ್ಳಗೆ ಸವರಿದೆ. ಗಾಡಿಗೆ ಹಾಕುವ ಸಾಮಾನ್ಯ ಗ್ರೀಸ್ ಬೇಡ, ಕೆಲವು ಬಗೆಯ ರಬ್ಬರು ಅದರಿಂದ ಉಬ್ಬಿ ಹಾಳಾಗುತ್ತದೆ. ಕೊಳವೆಯನ್ನು ತಿರುಗಿಸುತ್ತಾ ಒಳಕ್ಕೆ ಒತ್ತಿದಾಗ ಮೆತ್ತಗೆ ಒಳಗೆ ಹೋಗಿ ಕೂತಿತು. ಪಂಪ್ ಹಾಕಿದೆವು. ಕೆಳಗೆ ಒಣ ಕಾಗದ ಹಾಸಿ ಅರ್ಧ ಗಂಟೆ ಬಿಟ್ಟೆವು. ಕಾಗದ ಒಣಗಿಯೇ ಇತ್ತು.

ಇದಾಗಿ ಒಂದೂವರೆ ವರ್ಷ ಆಯಿತು. ಆ ಜಾಯಿಂಟು ಮತ್ತೆ ಸೋರಿಲ್ಲ. ಆದರೂ ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ, ಒರೆಸಿ, ಗ್ರೀಸ್ ಹಚ್ಚುತ್ತೇನೆ. ಹದಿನೈದು ನಿಮಿಷ ಸಾಕು.

ಸೋರಿಕೆ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತದೆ. ಬ್ರಷ್ಷಿನ ನಲ್ಲಿ ಮುಚ್ಚಿದಾಗ ಪಂಪು ನಿಂತು ಸುಮ್ಮನಿರಬೇಕು. ಕೆಲವು ಸೆಕೆಂಡಿಗೊಮ್ಮೆ ಟ್ರ್‌ರ್ ಅಂತ ತಾನೇ ಓಡಿ ನಿಂತರೆ ಎಲ್ಲೋ ಒತ್ತಡ ಇಳಿಯುತ್ತಿದೆ ಅಂತ ಅರ್ಥ. ರೀಲಿಗೆ ಮುಂಚೆ ಒಂದು ಬಾಲ್ ವಾಲ್ವ್ ಹಾಕಿಸಿಕೊಂಡಿದ್ದೇನೆ. ಅದನ್ನು ಮುಚ್ಚಿದಾಗ ಪಂಪು ಸುಮ್ಮನಾದರೆ ತೊಂದರೆ ವಾಲ್ವಿನ ಆಚೆ, ರೀಲಿನಲ್ಲೋ ಪೈಪಿನಲ್ಲೋ ಇದೆ. ಆಗಲೂ ಓಡಿದರೆ ಈಚೆ ಇದೆ. ಪೈಪ್ ಹರಿದರೂ ಅದೇ ವಾಲ್ವ್ ಕಾಪಾಡುತ್ತದೆ, ತುಂಬಿದ ಟ್ಯಾಂಕ್ ಖಾಲಿ ಮಾಡದೆ ರಿಪೇರಿ ಮಾಡಬಹುದು.

ಪೈಪ್ ಒಳಗಿನ ತುದಿಯಲ್ಲಿ ಡ್ರಮ್ಮಿಗೆ ಸೇರುವ ಜಾಗ ಇನ್ನೊಂದು ದುರ್ಬಲ ಜಾಗ. ಪೂರ್ತಿ ಪೈಪ್ ಎಳೆದುಬಿಟ್ಟರೆ ಎಳೆತವೆಲ್ಲ ಆ ಒಂದು ಕ್ಲಿಪ್ಪಿನ ಮೇಲೆ ಬೀಳುತ್ತದೆ. ಡ್ರಮ್ಮಿನ ಮೇಲೆ ಯಾವಾಗಲೂ ಮೂರು ಸುತ್ತು ಉಳಿದಿರಬೇಕು. ಆ ಸುತ್ತುಗಳ ಹಿಡಿತವೇ ಎಳೆತವನ್ನು ತಡೆದುಕೊಳ್ಳುತ್ತದೆ, ದಪ್ಪ ಕಂಬಕ್ಕೆ ಹಗ್ಗ ಸುತ್ತಿದರೆ ಎಷ್ಟು ಎಳೆದರೂ ಜಾರುವುದಿಲ್ಲವಲ್ಲ, ಹಾಗೆ. ಕೊನೆಗೆ ಐದು ಮೀಟರ್ ಇದೆ ಅನ್ನುವಾಗ ಪೈಪಿಗೆ ಕೆಂಪು ಟೇಪ್ ಸುತ್ತಿದ್ದೇನೆ. ಟೇಪ್ ಕಂಡರೆ ಹುಡುಗ ಎಳೆಯುವುದನ್ನು ನಿಲ್ಲಿಸುತ್ತಾನೆ. ಕ್ಲಿಪ್ಪಿನ ಸ್ಕ್ರೂ ತಲೆ ಮೇಲಕ್ಕೆ ಚುಚ್ಚಿಕೊಂಡಿದ್ದರೆ ಅದರ ಮೇಲೆ ಕೂರುವ ಮೊದಲ ಪದರ ಸವೆಯುತ್ತದೆ, ಅದನ್ನು ಪಕ್ಕಕ್ಕೆ ತಿರುಗಿಸಿಡಿ.

ಸುತ್ತುವಾಗ ಎಡಗೈಯಲ್ಲಿ ಒಂದು ಹಳೆ ಬಟ್ಟೆ ಹಿಡಿದು ಪೈಪನ್ನು ಅದರೊಳಗಿಂದ ಹಾಯಿಸುತ್ತೇನೆ. ಮರಳು, ಮಣ್ಣು ಬಟ್ಟೆಯಲ್ಲೇ ಉಳಿಯುತ್ತದೆ, ಬೇರಿಂಗಿಗೆ ಹೋಗುವುದಿಲ್ಲ. ಪೈಪಿನ ಮೇಲಿನ ಸಣ್ಣ ಸೀಳು, ಉಬ್ಬು ಏನಿದ್ದರೂ ಕೈಗೆ ಸಿಗುತ್ತದೆ. ಹಾಗೆ ಸಿಕ್ಕ ಸೀಳನ್ನು ಟೇಪ್ ಸುತ್ತಿ ಮುಚ್ಚಬೇಡಿ, ನಿಲ್ಲುವುದಿಲ್ಲ. ನೇರವಾಗಿ ಕತ್ತರಿಸಿ, ತುದಿಗಳನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಜೋಡಿಸುವ ಕೊಳವೆ ಹಾಕಿ ಕ್ಲಿಪ್ ಬಿಗಿಯಿರಿ. ಬಾಗಿಲಿನ ಹೊಸ್ತಿಲಿನಂಥ ತಗಡಿನ ಅಂಚಿಗೆ ಪೈಪ್ ಉಜ್ಜುತ್ತಿದ್ದರೆ ಅಲ್ಲಿ ಒಂದು ಉರುಳೆ ಹಾಕಿಸಿ. ನನ್ನ ಪೈಪಿನಲ್ಲಿ ಆದ ಸೀಳೆಲ್ಲ ಆ ಅಂಚಿನಿಂದಲೇ ಆದದ್ದು.

ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ಇರುವವರು ಇನ್ನೊಂದು ಕೆಲಸ ಮಾಡಬೇಕು. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಪೈಪ್ ಅದನ್ನು ತಡೆಯಬಹುದು, ಹಿತ್ತಾಳೆ ಜಾಯಿಂಟು, ಪಂಪಿನ ತಲೆ, ಪ್ಲಾಸ್ಟಿಕ್ ಕನೆಕ್ಟರು ತಡೆಯುವುದಿಲ್ಲ. ರಾತ್ರಿ ಅವುಗಳಿಂದ ನೀರು ಇಳಿಸಿ ಇಡಬೇಕು.

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಸಣ್ಣ ಡಬ್ಬಿ ಇದೆ. ನಾಲ್ಕು ಓ-ರಿಂಗು, ಸಿಲಿಕೋನ್ ಗ್ರೀಸಿನ ಟ್ಯೂಬು, ಒಂದಷ್ಟು ಹಲ್ಲುಕಡ್ಡಿ, ಎರಡು ಜೋಡಿಸುವ ಕೊಳವೆ, ಆರು ಕ್ಲಿಪ್ಪು, ಟೆಫ್ಲಾನ್ ಟೇಪು. ಮೊನ್ನೆ ಹುಡುಗ ತಾನೊಬ್ಬನೇ ಜಾಯಿಂಟ್ ಬಿಚ್ಚಿ ಓ-ರಿಂಗ್ ಹಾಕಿದ. ನಾನು ಪಕ್ಕದಲ್ಲಿ ನಿಂತಿದ್ದೆ, ಮುಟ್ಟಲಿಲ್ಲ. ಮುಗಿಸಿದ ಮೇಲೆ ಅವನೇ ಕೆಳಗೆ ಒಂದು ಕಾಗದ ಹಾಸಿ, ಪಂಪ್ ಹಾಕಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತ.